ಡಾಕ್ಟರ್ ಕ್ನಾಕ್‌ನ ಊರಿನಲ್ಲಿ ರಾತ್ರಿ ಹತ್ತು ಗಂಟೆ

ಫ್ರಾನ್ಸಿನ ಗುಡ್ಡಗಾಡಿನ ನಡುವೆ ಸ್ಯಾಂ-ಮೋರಿಸ್ ಎಂಬ ಪುಟ್ಟ ಊರು. ಅಲ್ಲಿನ ಒಂದೇ ಒಂದು ದೊಡ್ಡ ಹೋಟೆಲು ‘ಲಾ ಕ್ಲೆ’. ಅದರ ಹಜಾರದ ಗೋಡೆಯ ಮೇಲೆ ಮದ್ಯದ ಕಂಪನಿಗಳು ಹಂಚಿದ ಕ್ಯಾಲೆಂಡರುಗಳು ಇನ್ನೂ ತೂಗುತ್ತಿವೆ. ಅವುಗಳ ಕೆಳಗೆ ಮಾತ್ರ ಹೊಸ ಸಂಸಾರವೇ ಬಂದಿಳಿದಿದೆ: ಬಿಳಿ ಎನಾಮಲ್ ಬಣ್ಣದ ಮೇಜು, ಫಳಫಳ ಹೊಳೆಯುವ ನಿಕಲ್ ಪಾತ್ರೆ, ಇಸ್ತ್ರಿ ಮುರಿಯದ ಬಿಳಿ ಬಟ್ಟೆಯ ಅಟ್ಟಿ. ಸಾರಿನ ಘಮ ಇರಬೇಕಾದ ಕಡೆ ಆಸ್ಪತ್ರೆಯ ಗಾಂಭೀರ್ಯ. ಮೆಟ್ಟಿಲ ಮೇಲೆ ಆಳುಕಾಳು ಓಡಾಡುತ್ತಿದ್ದಾರೆ. ಅವರ ಕೈಯಲ್ಲಿರುವುದು ಊಟದ ತಟ್ಟೆಯಲ್ಲ, ರೋಗಿಗಳಿಗೆ ಬಿಸಿನೀರು.

ಈ ಹಜಾರಕ್ಕೆ ಪೆಟ್ಟಿಗೆ ಹಿಡಿದು ಒಬ್ಬ ಹಿರಿಯ ಬರುತ್ತಾನೆ. ಹೆಸರು ಪಾರ್ಪಲೇ. ಮೂರು ತಿಂಗಳ ಹಿಂದಿನವರೆಗೂ ಈ ಊರಿಗೆ ಇದ್ದ ಒಬ್ಬನೇ ವೈದ್ಯ. ಈಗ ಅವನಿಗೆ ಉಳಿದುಕೊಳ್ಳಲು ಒಂದು ಕೋಣೆ ಬೇಕು. ಕೋಣೆ ಇಲ್ಲ. ಎಲ್ಲ ಹಾಸಿಗೆಯೂ ರೋಗಿಗಳಿಂದ ತುಂಬಿವೆ. ಇಷ್ಟೊಂದು ಜನ ಕಾಯಿಲೆ ಬೀಳುವ ಊರೇ ಇದಲ್ಲವಲ್ಲ ಎಂದು ಅವನು ಬೆರಗಾದರೆ, ಹೋಟೆಲಿನ ಒಡತಿ ಮಾದಾಮ್ ರೆಮಿಗೆ ಸಿಟ್ಟೇ ಬರುತ್ತದೆ. ಆಗಿನ ಜನಕ್ಕೆ ಚಿಕಿತ್ಸೆ ಮಾಡಿಸಿಕೊಳ್ಳಬೇಕೆಂಬ ಅರಿವೇ ಇರಲಿಲ್ಲ, ಅಷ್ಟೇ ಎನ್ನುತ್ತಾಳೆ. ಹಳ್ಳಿಯವರೆಂದರೆ ಕಾಡುಜನ ಎಂದುಕೊಂಡಿದ್ದೀರೇನು ಎಂಬ ಧಾಟಿ ಅವಳದು.

ಜೂಲ್ ರೋಮ್ಯಾಂ ಬರೆದ ‘ಕ್ನಾಕ್, ಅಥವಾ ವೈದ್ಯಶಾಸ್ತ್ರದ ವಿಜಯ’ ನಾಟಕದ ಕೊನೆಯ ಅಂಕ ಶುರುವಾಗುವುದು ಹೀಗೆ. 1923ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ರಂಗದ ಮೇಲೆ ಬಂದ ಈ ನಾಟಕ ಮುಂದೆ ಹಲವು ಸಲ ಸಿನಿಮಾ ಆಯಿತು. ಅವುಗಳಲ್ಲಿ ಜನ ಇಂದಿಗೂ ನೆನೆಯುವುದು 1951ರಲ್ಲಿ ಗೀ ಲೆಫ್ರಾಂ ನಿರ್ದೇಶಿಸಿದ, ಲೂಯಿ ಜೂವೆ ಕ್ನಾಕ್ ಆಗಿ ನಟಿಸಿದ ಚಿತ್ರವನ್ನು. ಕಥೆ ಇಷ್ಟೇ: ಆರೋಗ್ಯವಾಗಿದ್ದ ಒಂದು ಊರನ್ನು ಒಬ್ಬ ವೈದ್ಯ ಮೂರು ತಿಂಗಳಲ್ಲಿ ಹಾಸಿಗೆ ಹಿಡಿಸುತ್ತಾನೆ.

ಪಾರ್ಪಲೇ ತಾನೇ ತೋಡಿದ ಗುಂಡಿ ಇದು. ಅಕ್ಟೋಬರ್ ಮೊದಲಲ್ಲಿ, ಹತ್ತು ಹೆಜ್ಜೆಗೊಮ್ಮೆ ಉಸಿರುಕಟ್ಟಿ ನಿಲ್ಲುವ ಹಳೆಯ ಮೋಟಾರಿನಲ್ಲಿ ಹೊಸ ವೈದ್ಯ ಕ್ನಾಕ್‌ನನ್ನು ಕೂರಿಸಿಕೊಂಡು ರೈಲ್ವೆ ಸ್ಟೇಷನ್ನಿನಿಂದ ಬೆಟ್ಟ ಹತ್ತಿದಾಗ ಅವನ ಮನಸ್ಸಿನಲ್ಲಿದ್ದುದು ಒಂದೇ ಲೆಕ್ಕ: ಗಿರಾಕಿಗಳಿಲ್ಲದ ದವಾಖಾನೆಯನ್ನು ಈ ಬೆಪ್ಪನ ತಲೆಗೆ ಕಟ್ಟಿ ಲಿಯೋಂ ನಗರಕ್ಕೆ ಹೊರಟುಬಿಡುವುದು. ಆ ಊರಿನವರು ವೈದ್ಯನ ಬಾಕಿ ತೀರಿಸುವುದು ವರ್ಷಕ್ಕೊಮ್ಮೆ, ಸೆಪ್ಟೆಂಬರ್ ಕೊನೆಗೆ ಬರುವ ಸಂತ ಮೈಕೇಲರ ಹಬ್ಬಕ್ಕೆ. ಹಬ್ಬ ಮುಗಿದು, ಹಣವೆಲ್ಲ ಜೇಬಿಗಿಳಿದ ಮೇಲೆ ದವಾಖಾನೆಯನ್ನು ಮಾರಿದ್ದಾನೆ ಪಾರ್ಪಲೇ. ಕ್ನಾಕ್‌ಗೆ ಮೋಸ ತಿಳಿಯದೆ ಇಲ್ಲ. ಆದರೆ ಅವನು ಕೂಗಾಡುವುದಿಲ್ಲ. ಊರಿನ ಬಗ್ಗೆ ಪ್ರಶ್ನೆ ಕೇಳುತ್ತಾನೆ. ಜನ ಭಕ್ತರೋ? ದುಡ್ಡು ಕೂಡಿಡುತ್ತಾರೋ? ಕುಡಿಯುತ್ತಾರೋ? ಕಂತುಗಳ ಮೇಲೆ ಹಣ ಕೊಡುವ ಕರಾರಿಗೆ ಒಪ್ಪಿಕೊಳ್ಳುತ್ತಾನೆ. ಆ ಮೊದಲ ಕಂತನ್ನು ವಸೂಲು ಮಾಡಲೆಂದೇ ಪಾರ್ಪಲೇ ಈಗ ಈ ಹಜಾರದಲ್ಲಿ ನಿಂತಿರುವುದು.

ನಡುವಿನ ಅಂಕದಲ್ಲಿ ಕ್ನಾಕ್ ಊರನ್ನು ಗೆದ್ದ ಬಗೆ ಇದೆ. ಮೊದಲು ಡಂಗುರದವನು ಬೀದಿ ಬೀದಿಯಲ್ಲಿ ಸಾರುತ್ತಾನೆ: ಸೋಮವಾರ ಬೆಳಿಗ್ಗೆ ಪರೀಕ್ಷೆ ಪುಕ್ಕಟೆ. ಪುಕ್ಕಟೆ ಎಂದ ಮೇಲೆ ಯಾರು ಬಿಡುತ್ತಾರೆ? ಸಾರಲು ಬಂದ ಡಂಗುರದವನೇ ಮೊದಲ ಬಲಿ. ತನಗೇನೋ ಆಗುತ್ತದೆ ಎಂದು ಅವನು ಮೈ ತೋರಿಸಿದರೆ, ಅದು ಕಚಗುಳಿಯಂತಿದೆಯೋ ತುರಿಕೆಯಂತಿದೆಯೋ ಎಂದು ಕ್ನಾಕ್ ಬಲು ಗಂಭೀರವಾಗಿ ವಿಚಾರಿಸುತ್ತಾನೆ. ಫ್ರಾನ್ಸಿನಲ್ಲಿ ಈ ಪ್ರಶ್ನೆ ಮನೆಮಾತಾಗಿ, ನಾಟಕ ನೋಡದವರ ಬಾಯಲ್ಲೂ ಆಡುತ್ತದೆ. ಆಮೇಲೆ ಶಾಲೆಯ ಮೇಷ್ಟ್ರು ಬೆರ್ನಾರ್. ಕಾಯಿಲೆ ಹರಡುವ ಸೂಕ್ಷ್ಮಜೀವಿಗಳ ಬಗ್ಗೆ ಚಿತ್ರ ತೋರಿಸಿ ಊರಿಗೆ ಉಪನ್ಯಾಸ ಕೊಡುವ ಕೆಲಸ ಅವರಿಗೆ. ಕೇಳುವವರ ಕಥೆ ಹಾಗಿರಲಿ, ಉಪನ್ಯಾಸದ ತಯಾರಿಯಲ್ಲೇ ಮೇಷ್ಟ್ರ ಜೀವ ಅರ್ಧವಾಗುತ್ತದೆ. ಔಷಧದ ಅಂಗಡಿಯ ಮೂಸ್ಕೆಗೆ ಹೆಚ್ಚೇನೂ ಹೇಳಬೇಕಾಗಿಲ್ಲ. ಇಷ್ಟು ವರ್ಷ ಪಾರ್ಪಲೇ ನಿಮ್ಮ ಹೊಟ್ಟೆಯ ಮೇಲೆ ಹೊಡೆದ ಎಂದು ಮನದಟ್ಟು ಮಾಡಿದರೆ ಸಾಕು.

ಕಪ್ಪು ಉಡುಪಿನ ರೈತ ಹೆಂಗಸಿನ ದೃಶ್ಯವನ್ನು ಸ್ವಲ್ಪ ನಿಂತು ನೋಡಬೇಕು. ಚಿಕ್ಕಂದಿನಲ್ಲಿ ಏಣಿಯಿಂದ ಬಿದ್ದಿದ್ದೆಯಾ ಎಂದು ಕೇಳುತ್ತಾನೆ ಕ್ನಾಕ್. ಅವಳಿಗೆ ನೆನಪಿಲ್ಲ. ಕೇಳಿ ಕೇಳಿ ಕೆದಕಿದ ಮೇಲೆ ಬಿದ್ದಿದ್ದರೂ ಇರಬಹುದು ಅನ್ನಿಸುತ್ತದೆ. ಇನ್ನೊಂದು ಗಳಿಗೆಯಲ್ಲಿ ಬಿದ್ದದ್ದು ಖಾತ್ರಿಯಾಗುತ್ತದೆ. ಕಪ್ಪು ಹಲಗೆಯ ಮೇಲೆ ಅವಳ ಬೆನ್ನುಹುರಿಯ ಚಿತ್ರ ಮೂಡುತ್ತದೆ. ಚಿಕಿತ್ಸೆಯ ಖರ್ಚೆಷ್ಟು? ಕ್ನಾಕ್ ಅವಳ ಕೊಟ್ಟಿಗೆಯ ಭಾಷೆಯಲ್ಲೇ ಲೆಕ್ಕ ಹಾಕುತ್ತಾನೆ. ಕರುವಿಗೆಷ್ಟು, ಹಂದಿಗೆಷ್ಟು ಎಂದು ಕೇಳಿಕೊಂಡು, ಸುಮಾರು ಎರಡು ಹಂದಿ ಎರಡು ಕರುವಿನಷ್ಟಾಗುತ್ತದೆ ಎಂದುಬಿಡುತ್ತಾನೆ. ಸುಳ್ಳಿರಬಹುದೆಂಬ ಅನುಮಾನಕ್ಕೂ ಅವನಲ್ಲಿ ಮದ್ದಿದೆ. ಒಂದು ವಾರ ಕಿಟಕಿ ಮುಚ್ಚಿ ಮಲಗು, ಗಟ್ಟಿ ಆಹಾರ ಮುಟ್ಟಬೇಡ, ಎರಡೆರಡು ಗಂಟೆಗೆ ಒಂದು ಲೋಟ ಖನಿಜದ ನೀರು ಕುಡಿ, ಬೆಳಿಗ್ಗೆ ಸಂಜೆ ಹಾಲಲ್ಲಿ ಅದ್ದಿದ ಅರ್ಧ ಬಿಸ್ಕತ್ತು. ವಾರದ ಕೊನೆಗೆ ಮೈ ಹುರುಪಾಗಿದ್ದರೆ ಕಾಯಿಲೆ ಅಷ್ಟೇನಿಲ್ಲ. ತಲೆ ಭಾರವಾಗಿ, ಏಳಲು ಬೇಸರವಾಗಿ, ಸುಸ್ತೆನಿಸಿದರೆ ಚಿಕಿತ್ಸೆ ಶುರು. ಏಳು ದಿನ ಉಪವಾಸ ಕೆಡವಿದ ಯಾವ ಹೆಂಗಸು ಎಂಟನೆಯ ದಿನ ಹುರುಪಿನಿಂದ ಎದ್ದಾಳು?

ಹೀಗೇ ನಿದ್ದೆ ಬಾರದ ಜಮೀನ್ದಾರಿ ಮನೆತನದ ಮುದುಕಿ ಬಂದು ಹೋಗುತ್ತಾಳೆ. ತಮಾಷೆ ಮಾಡಲೆಂದೇ ಒಳನುಗ್ಗಿದ ಊರಿನ ಇಬ್ಬರು ಪುಂಡರು, ಕುಡುಕನ ಪಿತ್ತಜನಕಾಂಗ ಹೇಗಾಗುತ್ತದೆಂಬ ಬಣ್ಣದ ಚಿತ್ರಗಳನ್ನು ನೋಡಿ ಬಾಯಿ ಒಣಗಿಸಿಕೊಂಡು ಹೊರಬರುತ್ತಾರೆ. ಹೊರಗೆ ಕಾದಿರುವ ಜನ ಅವರ ಮುಖ ನೋಡುತ್ತಾರೆ. ಆ ಮುಖಗಳಿಗಿಂತ ದೊಡ್ಡ ಜಾಹೀರಾತು ಬೇಕೆ?

ಮತ್ತೆ ಹೋಟೆಲಿನ ಹಜಾರಕ್ಕೆ. ಪಾರ್ಪಲೇಯ ಎದುರು ಈಗ ಮೂಸ್ಕೆ ನಿಂತಿದ್ದಾನೆ. ವ್ಯಾಪಾರ ಹಲವು ಪಟ್ಟು ಬೆಳೆದಿದೆ, ಬಿಡುವಿಲ್ಲ, ಸಂತೋಷಕ್ಕೆ ಕೊನೆಯಿಲ್ಲ. ಮಾದಾಮ್ ರೆಮಿಗೆ ಖಾಲಿ ಕೋಣೆಯ ಚಿಂತೆ ತಪ್ಪಿದೆ. ಆಳುಗಳಿಗೂ ತಾವು ಪಾತ್ರೆ ತೊಳೆಯುವವರಲ್ಲ, ದೊಡ್ಡದೊಂದು ಕಾರ್ಯದ ಅಂಗ ಎಂಬ ಬಿಂಕ. ಕ್ನಾಕ್‌ನ ಹೆಸರು ಹೇಳುವಾಗ ಎಲ್ಲರ ದನಿಯಲ್ಲೂ ಗುರುಭಕ್ತಿ. ಇಡೀ ಊರಿನಲ್ಲಿ ಮೋಸ ಹೋದೆನೆಂದು ಮರುಗುವವರು ಒಬ್ಬರೂ ಇಲ್ಲ. ನಗೆನಾಟಕದಲ್ಲಿ ನಾವು ಕಾಯುವುದು ಸೋಗು ಬಯಲಾಗುವ ಗಳಿಗೆಗೆ. ಇಲ್ಲಿ ಬಯಲು ಮಾಡಬಲ್ಲ ಒಬ್ಬನೇ ಒಬ್ಬ ಪಾರ್ಪಲೇ. ಅವನ ಮಾತಿಗೆ ಕಿವಿ ಕೊಡುವವರೇ ಇಲ್ಲ.

ಕ್ನಾಕ್ ಬರುತ್ತಾನೆ. ಹಳೆಯ ವೈದ್ಯನನ್ನು ಆದರದಿಂದ ಮಾತನಾಡಿಸಿ ತನ್ನ ನಕ್ಷೆಗಳನ್ನು ಬಿಚ್ಚುತ್ತಾನೆ. ವಾರಕ್ಕೆ ಎಷ್ಟು ಮಂದಿ ಪರೀಕ್ಷೆಗೆ ಬರುತ್ತಾರೆಂಬ ಗೆರೆ ಪಾರ್ಪಲೇ ಬಿಟ್ಟುಹೋದ ಅಂಕಿಯಿಂದ ಶುರುವಾಗುತ್ತದೆ. ಅದನ್ನು ಅಂದಾಜು 5 ಎಂದು ಇಟ್ಟುಕೊಂಡಿದ್ದೇನೆ ಎನ್ನುತ್ತಾನೆ ಕ್ನಾಕ್. ಪಾರ್ಪಲೇಯ ಮಾನ ಕೆರಳುತ್ತದೆ. ಐದೇ? ಧಾರಾಳವಾಗಿ ಅದರ ಎರಡರಷ್ಟು ಎಂದು ಹೇಳಿ ಎನ್ನುತ್ತಾನೆ ಪಾಪ. ಗೆರೆ ಅಕ್ಟೋಬರ್ ನಡುವಿಗೆ 37, ತಿಂಗಳ ಕೊನೆಗೆ 90, ನವೆಂಬರ್ ಕೊನೆಗೆ 128 ದಾಟಿ, ವರ್ಷದ ಕೊನೆಗೆ 150ರ ಮೇಲಕ್ಕೆ ಹೊರಟಿದೆ. ಮುಂದಿನದು ಇಡೀ ಸೀಮೆಯ ಭೂಪಟ. ಕಾಯಿಲೆಯವರಿರುವ ಮನೆಗೊಂದು ಚುಕ್ಕಿ. ಮೂರು ತಿಂಗಳ ಹಿಂದೆ ಖಾಲಿಯಿದ್ದ ಕಾಗದದ ಮೇಲೆ ಈಗ ಚುಕ್ಕಿಗಳ ರಾಶಿ. ಯಾವ ಮನೆಯ ವರಮಾನ ಎಷ್ಟು, ಯಾರಿಗೆ ಎಷ್ಟು ದುಬಾರಿಯ ಕಾಯಿಲೆ ತಾಳುತ್ತದೆ ಎಂಬುದೂ ಅವನ ಕಡತದಲ್ಲಿದೆ. ದಂಡನಾಯಕ ತಾನು ಗೆದ್ದ ಕೋಟೆಗಳನ್ನು ತೋರಿಸುವ ಹಾಗೆ ತೋರಿಸುತ್ತಾನೆ.

ಆಗ ಪಾರ್ಪಲೇ ಅಳುಕುತ್ತಲೇ ಒಂದು ಮಾತು ಎತ್ತುತ್ತಾನೆ: ಈ ಪದ್ಧತಿಯಲ್ಲಿ ರೋಗಿಯ ಹಿತಕ್ಕಿಂತ ವೈದ್ಯನ ಹಿತವೇ ಮೇಲಾಯಿತಲ್ಲವೆ? ಇಡೀ ಕಥೆಯಲ್ಲಿ ಧರ್ಮದ ಪ್ರಶ್ನೆ ಎನ್ನುವುದೇನಾದರೂ ಇದ್ದರೆ ಅದು ಇದೊಂದೇ. ಕ್ನಾಕ್ ತಡವರಿಸುವುದಿಲ್ಲ. ಇವೆರಡಕ್ಕಿಂತ ಮೇಲಿನ ಹಿತ ಇನ್ನೊಂದಿದೆ, ಅದು ವೈದ್ಯಶಾಸ್ತ್ರದ ಹಿತ ಎನ್ನುತ್ತಾನೆ. ಅವನನ್ನು ಬರೀ ದುಡ್ಡಿನಾಸೆಯ ಕಪಟಿ ಎಂದು ತಳ್ಳಿಹಾಕಲು ನಮಗಿದ್ದ ದಾರಿ ಇಲ್ಲಿ ಮುಚ್ಚಿಹೋಗುತ್ತದೆ. ಈತ ನಂಬಿದವನು. ಚಿಕ್ಕಂದಿನಲ್ಲೇ ಔಷಧದ ಜಾಹೀರಾತು, ಡಬ್ಬಿಯೊಳಗಿನ ಸೂಚನೆಯ ಚೀಟಿಗಳನ್ನು ಓದಿ ಬೆಳೆದವನು. ಪದವಿ ಇಲ್ಲದ ಕಾಲದಲ್ಲೇ ಹಡಗಿನ ವೈದ್ಯನಾಗಿ, ಹಡಗಿನವರನ್ನೆಲ್ಲ ಸರದಿಯ ಮೇಲೆ ಮಲಗಿಸಿದವನು. ಪದವಿಗೆ ಬರೆದ ಪ್ರಬಂಧವೂ ‘ಆರೋಗ್ಯ’ ಎಂದು ಜನ ಕರೆಯುವ ಸ್ಥಿತಿಯನ್ನೇ ಅನುಮಾನಿಸಿದ್ದು. ಅವನ ಕಣ್ಣಿಗೆ ಆರೋಗ್ಯವಂತನೆಂದರೆ ಇನ್ನೂ ಪರೀಕ್ಷೆಗೆ ಬಾರದವನು, ಅಷ್ಟೇ.

ಇನ್ನು ಕಿಟಕಿ. ಕಥೆಯ ಶಿಖರ ಇದು. ಕ್ನಾಕ್ ಪಾರ್ಪಲೇಯನ್ನು ಕಿಟಕಿಯ ಬಳಿಗೆ ಕರೆದು ಹೊರಗಿನ ನೋಟ ತೋರಿಸುತ್ತಾನೆ. ಮೊದಲು ಬಂದಾಗ ಇಲ್ಲಿ ಕಂಡದ್ದು ತನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದ ಒಂದು ಒರಟು ನೆಲ. ಈಗ ಇದೇ ನೆಲದಲ್ಲಿ 250 ಕೋಣೆಗಳು, ಕೋಣೆಗೊಂದು ಹಾಸಿಗೆ, ಹಾಸಿಗೆಯ ಮೇಲೆ ಮೈಚಾಚಿ ಬದುಕಿಗೊಂದು ಅರ್ಥ ಕಂಡುಕೊಂಡ ಒಬ್ಬೊಬ್ಬ ರೋಗಿ. ರಾತ್ರಿಯಾದರೆ ಇನ್ನೂ ಚೆಲುವು ಎನ್ನುತ್ತಾನೆ. ಆರೋಗ್ಯವಂತರು ದೀಪ ಆರಿಸಿ ಕತ್ತಲಲ್ಲಿ ಇಲ್ಲವಾಗುತ್ತಾರೆ. ರೋಗಿಗಳ ಕೋಣೆಗಳ ದೀಪ ಮಾತ್ರ ಉರಿಯುತ್ತಿರುತ್ತದೆ. ಇಡೀ ಸೀಮೆ ತನ್ನ ದೀಪಗಳಿಂದ ತುಂಬಿದ ಆಕಾಶ. ಹತ್ತು ಗಂಟೆಯ ಗಂಟೆ ಬಾರಿಸುತ್ತದೆ. ಆ ಹೊತ್ತಿಗೆ ಸರಿಯಾಗಿ ಎರಡನೆಯ ಬಾರಿ ಜ್ವರ ನೋಡಬೇಕೆಂಬುದು ವೈದ್ಯರ ಅಪ್ಪಣೆ. ಬೆಟ್ಟದ ಕಣಿವೆಗಳಲ್ಲಿ 250 ಥರ್ಮಾಮೀಟರುಗಳು ಒಂದೇ ಕ್ಷಣದಲ್ಲಿ ತಮ್ಮ ತಮ್ಮ ಜಾಗ ಸೇರುತ್ತವೆ. ಆಗಿನ ಫ್ರೆಂಚರು ಅದನ್ನು ಬಾಯಲ್ಲಿಟ್ಟು ನೋಡುತ್ತಿರಲಿಲ್ಲ. ಕವಿತೆಯಂಥ ಆ ಮಾತು ಎಲ್ಲಿಗೆ ಹೋಗಿ ಮುಗಿಯುತ್ತದೆಂದು ಹೊಳೆದಾಗ ಸಭೆ ಗೊಳ್ಳೆಂದು ನಗುತ್ತದೆ.

ಈ ಚಿತ್ರವನ್ನು ಬರೆದವನು ಯಾರೆಂದು ತಿಳಿದರೆ ನಗುವಿಗೆ ಇನ್ನೊಂದು ಪದರ ಸಿಗುತ್ತದೆ. ಜೂಲ್ ರೋಮ್ಯಾಂ, ಹುಟ್ಟುಹೆಸರು ಲೂಯಿ ಫಾರಿಗೂಲ್, 1885ರಲ್ಲಿ ಗುಡ್ಡಗಾಡಿನ ಓತ್-ಲ್ವಾರ್ ಪ್ರಾಂತ್ಯದಲ್ಲಿ ಹುಟ್ಟಿದವನು. ತಾರುಣ್ಯದಲ್ಲಿ ಅವನು ಕಟ್ಟಿದ ಕಾವ್ಯಮತದ ತಿರುಳು ಇದು: ಬೀದಿ, ಪಟ್ಟಣ, ಗುಂಪು ಇವುಗಳಿಗೆಲ್ಲ ಬಿಡಿ ಮನುಷ್ಯರ ಆಚೆಗಿನ ಒಂದು ಸಾಮೂಹಿಕ ಆತ್ಮವಿದೆ, ಕವಿ ಅದನ್ನು ಎಚ್ಚರಿಸಬೇಕು. ಅದೇ ಕವಿ ಹದಿನೈದು ವರ್ಷಗಳ ಬಳಿಕ ತನ್ನ ಕನಸನ್ನು ಒಬ್ಬ ವೈದ್ಯನ ಕೈಗೆ ಕೊಟ್ಟು ನೋಡಿದ್ದಾನೆ. ಚೂರುಚೂರಾಗಿದ್ದ ಸ್ಯಾಂ-ಮೋರಿಸ್ ನಿಜಕ್ಕೂ ಒಂದಾಗಿದೆ. ಒಂದೇ ಹೊತ್ತಿಗೆ, ಒಂದೇ ಶ್ರದ್ಧೆಯಿಂದ, ಒಂದೇ ಕೆಲಸ ಮಾಡುತ್ತಿದೆ. ಕೂಡಿಸಿದ್ದು ಪ್ರೀತಿಯಲ್ಲ, ಭಯ. ಒಂದನೆಯ ಮಹಾಯುದ್ಧ ಕಳೆದು ಐದು ವರ್ಷವಾಗಿದ್ದ ಆ ದಿನಗಳಲ್ಲಿ, ಇಡೀ ದೇಶಗಳೇ ಒಬ್ಬನ ಮಾತಿಗೆ ಹೆಜ್ಜೆ ಹಾಕುವ ಕಾಲ ಬಾಗಿಲಲ್ಲೇ ಇತ್ತು. ಮುಸೊಲಿನಿ ರೋಮಿಗೆ ದಂಡೆತ್ತಿ ಬಂದದ್ದು 1922ರಲ್ಲಿ.

ಕಿಟಕಿಯ ನೋಟ ಪಾರ್ಪಲೇಯ ಮನಸ್ಸನ್ನೂ ಕೆಡಿಸುತ್ತದೆ. ಧರ್ಮದ ಪ್ರಶ್ನೆ ಕೇಳಿದವನೇ ಈಗ ಅದಲುಬದಲಿನ ಮಾತೆತ್ತುತ್ತಾನೆ: ನೀವು ಲಿಯೋಂಗೆ ಹೋಗಿ, ನಾನು ಇಲ್ಲಿಗೆ ಬರುತ್ತೇನೆ. ಸುದ್ದಿ ಕೇಳಿ ಮಾದಾಮ್ ರೆಮಿ ಕೆರಳುತ್ತಾಳೆ, ಮೂಸ್ಕೆ ಒಪ್ಪುವುದಿಲ್ಲ. ಕೈಗೆ ಬಂದ ವೈದ್ಯನನ್ನು ಬಿಟ್ಟುಕೊಡುವ ಊರೇ ಅದು! ಇವರಿಬ್ಬರ ಕೋಪವೇ ಆ ಮಾತನ್ನು ಮುಗಿಸುತ್ತದೆ. ಹಳೆಯ ವೈದ್ಯನಿಗೆ ಹಿಂದಿನ ದಾರಿ ಇಲ್ಲ.

ಇನ್ನು ಉಳಿದದ್ದು ಮುಂದಿನ ದಾರಿ. ಅದು ಎಲ್ಲಿಗೆಂಬುದು ಕ್ನಾಕ್‌ಗೆ ಗೊತ್ತು. ಮಾತಿನ ನಡುವೆ ಅವನ ನೋಟ ಪಾರ್ಪಲೇಯ ಮುಖದ ಮೇಲೆ ಒಂದಿಷ್ಟು ಹೊತ್ತು ಹೆಚ್ಚಾಗಿಯೇ ನಿಂತಿದೆ. ಈ ರಾತ್ರಿ ಪ್ರಯಾಣ ಬೇಡ, ವಿಶ್ರಾಂತಿ ತೆಗೆದುಕೊಳ್ಳಿ ಎಂದು ಯಾವ ಒತ್ತಾಯವೂ ಇಲ್ಲದೆ ಹೇಳುತ್ತಾನೆ. ಅಷ್ಟೇ ಸಾಕು. ಆಗ ಹಾಗೇಕೆ ಅಂದಿರಿ, ತಮಾಷೆಗೋ ನಿಜಕ್ಕೋ ಎಂದು ಪಾರ್ಪಲೇ ಕೇಳುತ್ತಾನೆ. ಉತ್ತರ ನಾಳೆಗೆ; ಪರೀಕ್ಷೆಯ ಕೋಣೆಯಲ್ಲಿ. ಅಷ್ಟರಲ್ಲಿ ಕಂಗಾಲಾದ ಹಿರಿಯನಿಗೆ, ಮುಖ ಕಂಡರೆ ರೋಗ ಹುಡುಕುವ ಈ ಚಟದಿಂದಾಗಿ ತಾನೇ ಇತ್ತೀಚೆಗೆ ಕನ್ನಡಿ ನೋಡಿಕೊಳ್ಳುವುದನ್ನು ಬಿಟ್ಟಿದ್ದೇನೆ ಎಂದು ಕ್ನಾಕ್ ಗುಟ್ಟು ಹೇಳುತ್ತಾನೆ. ಬೇಟೆಗಾರನೂ ಬಲೆಯ ಒಳಗೇ ಇದ್ದಾನೆ. ಸಂಜೆ ಅತಿಥಿಯಾಗಿ ಬಂದಾಗ ಇಲ್ಲದಿದ್ದ ಹಾಸಿಗೆ ಈಗ ಪಾರ್ಪಲೇಗೆ ಸಿಗುತ್ತದೆ. ರೋಗಿಯಾದ ಮೇಲೆ ಸಿಗದೆ ಇರುತ್ತದೆಯೆ?

ಆಮೇಲೆ ಒಂದು ಮೆರವಣಿಗೆ. ನಾಟಕದ ಪುಸ್ತಕದ ಪ್ರಕಾರ ವೇದಿಕೆಯ ಬೆಳಕು ಮೆಲ್ಲಮೆಲ್ಲನೆ ಬದಲಾಗಿ, ಲೋಕದ ಬೆಳಕು ಹೋಗಿ ವೈದ್ಯಶಾಸ್ತ್ರದ್ದೇ ಆದ ಒಂದು ಬೆಳಕು ತುಂಬಿಕೊಳ್ಳುತ್ತದೆ. ಮಾದಾಮ್ ರೆಮಿ, ಆಳು, ಕೆಲಸದವಳು ಚಿಕಿತ್ಸೆಯ ಉಪಕರಣಗಳನ್ನು ಪೂಜಾಸಾಮಗ್ರಿಯಂತೆ ಹಿಡಿದು ಸಾಲಾಗಿ ಹಾದುಹೋಗುತ್ತಾರೆ. ಪರದೆ ಬೀಳುತ್ತದೆ. ಕಳ್ಳ ಸಿಕ್ಕಿಬೀಳಲಿಲ್ಲ, ಊರು ಕಣ್ಣು ಬಿಡಲಿಲ್ಲ, ಯಾರೂ ಸಾಯಲಿಲ್ಲ, ಯಾರೂ ವಾಸಿಯಾಗಲಿಲ್ಲ.

ವೈದ್ಯರನ್ನು ಗೇಲಿ ಮಾಡುವುದು ಫ್ರೆಂಚ್ ರಂಗಭೂಮಿಗೆ ಹೊಸದೇನಲ್ಲ. 1673ರಲ್ಲೇ ಮೋಲಿಯೇರ್ ತನ್ನ ‘ಕಾಲ್ಪನಿಕ ರೋಗಿ’ಯನ್ನು ಆಡಿಸಿದ್ದ. ಅದರ ನಾಲ್ಕನೆಯ ಪ್ರಯೋಗದ ರಾತ್ರಿ ತಾನೇ ನಿಜವಾದ ಕಾಯಿಲೆಯಿಂದ ಕುಸಿದು ಪ್ರಾಣಬಿಟ್ಟ. ಆದರೆ ಅವನ ವೈದ್ಯರು ಲ್ಯಾಟಿನ್ ಉದುರಿಸುವ ಹುಂಬರು. ಅವರಿಗೆ ಗೊತ್ತಿದ್ದದ್ದು ಎನಿಮಾ ಕೊಡುವುದು, ರಕ್ತ ಇಳಿಸುವುದು. ರೋಮ್ಯಾಂ ಬರೆಯುವ ಹೊತ್ತಿಗೆ ಪಾಸ್ಚರ್ ಬಂದು ಹೋಗಿದ್ದ, ಎಕ್ಸ್‌ರೇ ಬಂದಿತ್ತು, ಇನ್ಸುಲಿನ್ ಆಗತಾನೇ ಬಂದಿತ್ತು. ಪೆನಿಸಿಲಿನ್ ಮಾತ್ರ ಇನ್ನೂ ಐದು ವರ್ಷ ದೂರವಿತ್ತು. ವೈದ್ಯರಿಗೆ ರೋಗ ಕಾಣುತ್ತಿತ್ತು, ಅನೇಕ ರೋಗಗಳಿಗೆ ಮದ್ದು ಇರಲಿಲ್ಲ. ಆ ಕಂದಕದಲ್ಲೇ ಕ್ನಾಕ್ ಮನೆ ಕಟ್ಟಿದ್ದು. ಅವನು ತೋರಿಸುವ ಸೂಕ್ಷ್ಮಜೀವಿಗಳು ಸುಳ್ಳಲ್ಲ, ಕುಡುಕನ ಪಿತ್ತಜನಕಾಂಗದ ಚಿತ್ರವೂ ಸುಳ್ಳಲ್ಲ. ನಿಜವನ್ನು ಎಲ್ಲಿ, ಯಾರ ಮುಂದೆ, ಯಾವ ದನಿಯಲ್ಲಿ ಇಡಬೇಕೆಂಬುದಷ್ಟೇ ಅವನ ವಿದ್ಯೆ.

ಆ ದನಿ ಲೂಯಿ ಜೂವೆಯದು. 1887ರಲ್ಲಿ ಬ್ರಿಟನಿಯ ಕ್ರೋಜೋಂನಲ್ಲಿ ಹುಟ್ಟಿದ ಈ ನಟ ಮನೆಯವರ ಒತ್ತಾಯಕ್ಕೆ ಔಷಧಶಾಸ್ತ್ರ ಓದಿ ಫಾರ್ಮಸಿಸ್ಟ್ ಪದವಿ ಪಡೆದವನು. ಮದ್ದಿನ ಗಾಜಿನ ಬಾಟಲಿಗಳ ಲೋಕ ಅವನಿಗೆ ಹೊರಗಿನದಾಗಿರಲಿಲ್ಲ. 1923ರಲ್ಲಿ ನಾಟಕವನ್ನು ನಿರ್ದೇಶಿಸಿ, ರಂಗಸಜ್ಜಿಕೆ ಮಾಡಿ, ಕ್ನಾಕ್ ಆಗಿ ನಿಂತವನು ಅವನೇ. ಮುಂದೆ ಬೇರೆ ನಾಟಕಗಳು ಗಲ್ಲಾಪೆಟ್ಟಿಗೆಯಲ್ಲಿ ಸೋತಾಗಲೆಲ್ಲ ಕ್ನಾಕ್‌ನನ್ನು ಮತ್ತೆ ಎಬ್ಬಿಸಿ ತರುತ್ತಿದ್ದ. 1933ರ ಚಿತ್ರದಲ್ಲೂ ಅವನೇ, 1951ರ ಚಿತ್ರದಲ್ಲೂ ಅವನೇ. ಕತ್ತರಿಸಿ ಕತ್ತರಿಸಿ ಆಡುವ ಮಾತು, ನೆಟ್ಟ ನೋಟ, ನಗೆಯ ಸುಳಿವೂ ಇಲ್ಲದ ಮುಖ. ಕೊನೆಯ ಚಿತ್ರದಲ್ಲಿ ಮೂಸ್ಕೆಯಾಗಿ ಅವನ ಎದುರು ನಿಂತವನು ಚಿತ್ರಕಾರ ಆಗಸ್ಟ್ ರೆನ್ವಾರನ ಮಗ ಪಿಯರ್ ರೆನ್ವಾರ್. ಮುಂದೆ ಫ್ರಾನ್ಸನ್ನೇ ನಗಿಸಲಿದ್ದ ಲೂಯಿ ದ ಫ್ಯುನೆಸ್ ಒಬ್ಬ ರೋಗಿಯಾಗಿ ಹೀಗೆ ಬಂದು ಹಾಗೆ ಹೋಗುತ್ತಾನೆ. ಚಿತ್ರ ತೆರೆಕಂಡದ್ದು ಮಾರ್ಚಿನಲ್ಲಿ. ಅದೇ ಆಗಸ್ಟಿನಲ್ಲಿ ಜೂವೆ ತನ್ನ ಅತೆನೆ ರಂಗಮಂದಿರದಲ್ಲಿ ತಾಲೀಮಿನ ನಡುವೆ ಹೃದಯಾಘಾತದಿಂದ ಕುಸಿದು, ಎರಡು ದಿನದ ಮೇಲೆ ಅಲ್ಲೇ ತೀರಿಕೊಂಡ.

2017ರಲ್ಲಿ ಲೊರೇನ್ ಲೆವಿ ಇದೇ ಕಥೆಯನ್ನು ಓಮಾರ್ ಸಿಯನ್ನು ಇಟ್ಟುಕೊಂಡು ಮತ್ತೆ ತೆಗೆದರು. ಆ ಕ್ನಾಕ್‌ಗೆ ಸೊಗಸಾದ ನಗು ಇದೆ, ಒಂದು ಪ್ರೇಮ ಇದೆ, ಮರುಕ ಇದೆ. ನೋಡಲು ಹಿತವಾಗಿದೆ. ಆದರೆ ಕ್ನಾಕ್ ಒಳ್ಳೆಯವನಾದ ಕೂಡಲೇ ಕಥೆಯ ಹಲ್ಲು ಉದುರಿತು. ಜೂವೆಯ ಕ್ನಾಕ್ ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ನಮ್ಮೆಲ್ಲರ ಅಂಜಿಕೆಯನ್ನು ಲೆಕ್ಕಪತ್ರಕ್ಕೆ ತಂದ ಒಬ್ಬ ಜಾಣ.

ಇಲ್ಲದ ಕಾಯಿಲೆಯನ್ನು ಮಾರುವ ವ್ಯಾಪಾರದ ಬಗ್ಗೆ ಅಮೆರಿಕದ ಲಿನ್ ಪೇಯರ್ ಪುಸ್ತಕ ಬರೆದದ್ದು 1992ರಲ್ಲಿ. ರೋಮ್ಯಾಂ ಅದನ್ನು ಸುಮಾರು ಎಪ್ಪತ್ತು ವರ್ಷ ಮೊದಲೇ ಕಂಡಿದ್ದ. ಪುಕ್ಕಟೆ ತಪಾಸಣಾ ಶಿಬಿರದ ಬ್ಯಾನರು, ಪತ್ರಿಕೆಯ ಜೊತೆ ಬಂದು ಬೀಳುವ ಪೂರ್ತಿ ದೇಹ ಪರೀಕ್ಷೆಯ ರಿಯಾಯಿತಿ ಚೀಟಿ, ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡಿದಿರಿ ಎಂದು ಬೆಳಿಗ್ಗೆ ವರದಿ ಒಪ್ಪಿಸುವ ಕೈಗಡಿಯಾರ, ಇವುಗಳನ್ನು ನೋಡಿದರೆ ಕ್ನಾಕ್‌ಗೆ ಹೊಸದೇನೂ ಅನ್ನಿಸಲಾರದು. ಹಾಗೆಂದು ಕ್ನಾಕ್‌ನ ಕಥೆ ನೋಡಿ ಯಾರೂ ಆಸ್ಪತ್ರೆಗೆ ಹೋಗುವುದನ್ನು ಬಿಡಬೇಕಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಸದ್ದಿಲ್ಲದೆ ಬರುವಂಥವೇ, ಕಾಲಕ್ಕೆ ನೋಡಿಸಿಕೊಳ್ಳಬೇಕಾದವೇ. ಮೈಗೆ ಬಂದ ಕಾಯಿಲೆಗೆ ವೈದ್ಯರಿದ್ದಾರೆ. ಹೆದರಿಕೆಗೆ ಮಾತ್ರ ದುಡ್ಡು ಕೊಡುವ ಮೊದಲು ಇನ್ನೊಬ್ಬರನ್ನು ಕೇಳಿ. ಆ ಇನ್ನೊಬ್ಬರು ಅದೇ ಅಂಗಡಿಯ ಪಾಲುದಾರರಾಗಿಲ್ಲವೇ ಎಂದೂ ಸ್ವಲ್ಪ ವಿಚಾರಿಸಿಕೊಳ್ಳಿ.